ಡಾಲರ್, ಚಿನ್ನ ಮತ್ತು ಎರಡು ಖಜಾನೆಗಳು: ಭಾರತ–ಚೀನಾ ಮೀಸಲು ಸಂಗ್ರಹದ ತುಲನೆ

ಒಂದು ದೇಶದ ಆರ್ಥಿಕ ಭದ್ರತೆಯನ್ನು ಅಳೆಯುವ ಮಾನದಂಡಗಳಲ್ಲಿ ವಿದೇಶಿ ವಿನಿಮಯ ಸಂಗ್ರಹಕ್ಕೆ ವಿಶೇಷ ಸ್ಥಾನವಿದೆ. 2024ರ ಕೊನೆಯ ಹೊತ್ತಿಗೆ ಭಾರತದ ಬಳಿ ಸುಮಾರು 640 ಶತಕೋಟಿ ಡಾಲರ್ ಸಂಗ್ರಹವಿದ್ದರೆ, ಚೀನಾದ ಬಳಿ ಸುಮಾರು 3,200 ಶತಕೋಟಿ ಡಾಲರ್ ಇತ್ತು. ಒಂದು ಶತಕೋಟಿ ಎಂದರೆ ನೂರು ಕೋಟಿ. ಈ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿ ಇರಿಸಿದ ಕೂಡಲೇ ಚೀನಾ ಐದು ಪಟ್ಟು ಹೆಚ್ಚು ಭದ್ರವಾಗಿದೆ ಎಂಬ ತೀರ್ಮಾನಕ್ಕೆ ಬರುವುದು ಸುಲಭ. ಆದರೆ ಆ ಹಣ ಎಲ್ಲಿಂದ ಬಂತು, ಅದರ ಮೇಲೆ ಯಾರ ಹಕ್ಕಿದೆ, ಕಷ್ಟಕಾಲದಲ್ಲಿ ಅದು ಎಷ್ಟು ಬೇಗ ಕರಗಬಲ್ಲದು ಎಂಬ ಪ್ರಶ್ನೆಗಳಿಗೆ ಉತ್ತರ ಸಿಗದೆ ಮೊತ್ತವೊಂದರಿಂದಲೇ ಏನನ್ನೂ ನಿರ್ಣಯಿಸಲಾಗದು. ಸುಮಾರು ಎಪ್ಪತ್ತು ವರ್ಷಗಳ ಅವಧಿಯಲ್ಲಿ ಈ ಎರಡು ದೇಶಗಳ ಖಜಾನೆಗಳು ಬೆಳೆದ ಬಗೆಯನ್ನು ಹೋಲಿಸಿದಾಗ ಮೀಸಲಿನ ಗಾತ್ರಕ್ಕಿಂತ ಅದರ ಮೂಲವೇ ಹೆಚ್ಚು ಮುಖ್ಯವೆಂಬುದು ಸ್ಪಷ್ಟವಾಗುತ್ತದೆ.

ಮೀಸಲಿನಲ್ಲಿ ಏನೇನು ಇರುತ್ತದೆ?

ವಿದೇಶಿ ವಿನಿಮಯ ಸಂಗ್ರಹವೆಂದರೆ ದೇಶದ ಕೇಂದ್ರ ಬ್ಯಾಂಕ್ ತನ್ನ ವಶದಲ್ಲಿ ಇಟ್ಟುಕೊಂಡಿರುವ, ಬೇಕೆಂದಾಗ ಹೊರದೇಶಗಳಿಗೆ ಪಾವತಿ ಮಾಡಲು ಬಳಸಬಹುದಾದ ಆಸ್ತಿಗಳ ಮೊತ್ತ. ಇದರಲ್ಲಿ ನಾಲ್ಕು ಭಾಗಗಳಿವೆ. ಮೊದಲನೆಯದು ಡಾಲರ್, ಯೂರೊ, ಪೌಂಡ್, ಯೆನ್ ಮುಂತಾದ ಕರೆನ್ಸಿಗಳಲ್ಲಿರುವ ಠೇವಣಿಗಳು ಮತ್ತು ವಿದೇಶಿ ಸರ್ಕಾರಗಳ ಸಾಲಪತ್ರಗಳು, ಎರಡನೆಯದು ಚಿನ್ನ, ಮೂರನೆಯದು ಅಂತರರಾಷ್ಟ್ರೀಯ ಹಣಕಾಸು ನಿಧಿಯು (ಐಎಂಎಫ್) ಸದಸ್ಯ ದೇಶಗಳಿಗೆ ಹಂಚುವ ಎಸ್‌ಡಿಆರ್ ಎಂಬ ವಿಶೇಷ ಹಕ್ಕು, ಅಂದರೆ ಅಗತ್ಯ ಬಿದ್ದಾಗ ಇತರ ಸದಸ್ಯ ದೇಶಗಳಿಂದ ಕರೆನ್ಸಿಯನ್ನು ಪಡೆಯಲು ಅವಕಾಶ ನೀಡುವ ಲೆಕ್ಕದ ಹಣ, ನಾಲ್ಕನೆಯದು ಅದೇ ನಿಧಿಯಲ್ಲಿ ದೇಶವು ಇರಿಸಿರುವ ಪಾಲಿನಿಂದ ಸುಲಭವಾಗಿ ಹಿಂಪಡೆಯಬಹುದಾದ ಭಾಗ. ನಾಲ್ಕರಲ್ಲಿ ಮೊದಲನೆಯದೇ ಸಾಮಾನ್ಯವಾಗಿ ಅತಿ ದೊಡ್ಡದು.

ಹೋಲಿಕೆಗೆ ತೊಡಗುವವರು ಇಲ್ಲಿಯೇ ಒಂದು ಎಚ್ಚರಿಕೆ ವಹಿಸಬೇಕಾಗುತ್ತದೆ. ಭಾರತೀಯ ರಿಸರ್ವ್ ಬ್ಯಾಂಕ್ ಪ್ರತಿ ವಾರ ಪ್ರಕಟಿಸುವ ಒಟ್ಟು ಮೊತ್ತದಲ್ಲಿ ಈ ನಾಲ್ಕೂ ಭಾಗಗಳು ಸೇರಿರುತ್ತವೆ. ಚೀನಾ ಪ್ರತಿ ತಿಂಗಳು ಪ್ರಕಟಿಸುವ, ಪತ್ರಿಕೆಗಳ ತಲೆಬರಹಕ್ಕೆ ಬರುವ ವಿದೇಶಿ ವಿನಿಮಯದ ಅಂಕಿಯಲ್ಲಿ ಚಿನ್ನ ಸೇರಿರುವುದಿಲ್ಲ. ಅದನ್ನು ಬೇರೆಯದೇ ಸಾಲಿನಲ್ಲಿ ತೋರಿಸಲಾಗುತ್ತದೆ. 2024ರ ಡಿಸೆಂಬರ್ ಅಂತ್ಯದ ಭಾರತದ 640 ಶತಕೋಟಿಯಲ್ಲಿ ಸುಮಾರು 66 ಶತಕೋಟಿ ಡಾಲರ್ ಚಿನ್ನದ ಬೆಲೆಯಾಗಿತ್ತು, ಆದರೆ ಚೀನಾದ 3,200 ಶತಕೋಟಿಯ ಹೊರಗೆ ಇನ್ನೂ ಸುಮಾರು 191 ಶತಕೋಟಿ ಡಾಲರ್ ಬೆಲೆಯ ಚಿನ್ನವಿತ್ತು. ಇದಲ್ಲದೆ ಸಂಗ್ರಹವನ್ನು ಡಾಲರ್ ಲೆಕ್ಕದಲ್ಲಿ ಹೇಳುವುದರಿಂದ, ಯೂರೊ ಅಥವಾ ಯೆನ್ ಬೆಲೆ ಇಳಿದಾಗ ಒಂದು ಪೈಸೆ ಖರ್ಚಾಗದಿದ್ದರೂ ಮೊತ್ತ ಕುಗ್ಗಿದಂತೆ ಕಾಣುತ್ತದೆ, ಚಿನ್ನದ ಬೆಲೆ ಏರಿದಾಗ ಒಂದು ಗ್ರಾಂ ಕೊಳ್ಳದಿದ್ದರೂ ಹಿಗ್ಗಿದಂತೆ ಕಾಣುತ್ತದೆ.

ಆರಂಭದ ದಶಕಗಳು

ಸ್ವಾತಂತ್ರ್ಯದ ಹೊತ್ತಿಗೆ ಭಾರತವು ಈ ವಿಷಯದಲ್ಲಿ ಬಡ ದೇಶವಾಗಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಪರವಾಗಿ ಭಾರತ ಒದಗಿಸಿದ ಸರಕು ಮತ್ತು ಸೇವೆಗಳಿಗೆ ಪ್ರತಿಯಾಗಿ ಲಂಡನ್ನಿನಲ್ಲಿ ಭಾರತದ ಹೆಸರಿನಲ್ಲಿ ಜಮೆಯಾಗಿದ್ದ ಪೌಂಡ್‌ಗಳನ್ನು ಸ್ಟರ್ಲಿಂಗ್ ಶಿಲ್ಕು ಎಂದು ಕರೆಯಲಾಗುತ್ತಿತ್ತು. ಬಹುಮಟ್ಟಿಗೆ ಅದರ ಬಲದಿಂದಲೇ 1951ರ ಮಾರ್ಚ್ ಅಂತ್ಯದಲ್ಲಿ ದೇಶದ ಬಳಿ ಸುಮಾರು 2.16 ಶತಕೋಟಿ ಡಾಲರ್ ಸಂಗ್ರಹವಿತ್ತು. ಎರಡನೇ ಪಂಚವಾರ್ಷಿಕ ಯೋಜನೆಯಲ್ಲಿ ಉಕ್ಕಿನ ಕಾರ್ಖಾನೆಗಳಿಗೂ ಭಾರೀ ಯಂತ್ರೋಪಕರಣಗಳಿಗೂ ವಿದೇಶಿ ಹಣ ಧಾರಾಳವಾಗಿ ಖರ್ಚಾದುದರಿಂದ 1961ರ ಮಾರ್ಚ್ ವೇಳೆಗೆ ಅದು 0.64 ಶತಕೋಟಿಗೆ ಇಳಿಯಿತು. ಅಲ್ಲಿಂದ ಮುಂದೆ ಮೂರು ದಶಕಗಳ ಕಾಲ ವಿದೇಶಿ ವಿನಿಮಯದ ಅಭಾವವೇ ಭಾರತದ ಆಮದು ಪರವಾನಗಿ ಪದ್ಧತಿಯನ್ನೂ ಚಿನ್ನದ ಮೇಲಿನ ಕಟ್ಟುನಿಟ್ಟಾದ ನಿರ್ಬಂಧಗಳನ್ನೂ ರೂಪಿಸಿತು. 1962ರಲ್ಲಿ ಮೊದಲಾದ ಚಿನ್ನ ನಿಯಂತ್ರಣ ವ್ಯವಸ್ಥೆ 1990ರವರೆಗೂ ಬಾಳಿತು.

ಚೀನಾದ ಆರಂಭ ಇನ್ನೂ ಕಷ್ಟದ್ದಾಗಿತ್ತು. ಅಂತರ್ಯುದ್ಧದಲ್ಲಿ ಸೋಲುವುದು ಖಚಿತವಾದಾಗ ಚಿಯಾಂಗ್ ಕೈ ಶೇಕ್ ಅವರ ಸರ್ಕಾರವು 1948ರ ಕೊನೆಯಿಂದ ಶಾಂಘೈನ ಕೇಂದ್ರ ಬ್ಯಾಂಕಿನಲ್ಲಿದ್ದ ಚಿನ್ನದ ಬಹುಭಾಗವನ್ನು ಹಡಗುಗಳಲ್ಲಿ ತೈವಾನಿಗೆ ಸಾಗಿಸಿದ್ದರಿಂದ, 1949ರಲ್ಲಿ ಅಧಿಕಾರಕ್ಕೆ ಬಂದ ಹೊಸ ಸರ್ಕಾರಕ್ಕೆ ಸಿಕ್ಕಿದ್ದು ಹೆಚ್ಚುಕಡಿಮೆ ಬರಿದಾದ ಖಜಾನೆ. ಡೆಂಗ್ ಷಿಯಾವೊಪಿಂಗ್ ಅವರ ನೇತೃತ್ವದಲ್ಲಿ ಆರ್ಥಿಕ ಸುಧಾರಣೆ ಆರಂಭವಾದ 1978ರಲ್ಲಿ ಚೀನಾದ ವಿದೇಶಿ ವಿನಿಮಯ ಕೇವಲ 16.7 ಕೋಟಿ ಡಾಲರ್. 1980ರಲ್ಲಿ ಅದು ಶೂನ್ಯಕ್ಕಿಂತಲೂ ಕೆಳಗಿಳಿದು ಸುಮಾರು 130 ಕೋಟಿ ಡಾಲರ್ ಋಣಾತ್ಮಕವಾಗಿತ್ತು ಎಂದು ಚೀನಾದ ಅಧಿಕೃತ ದಾಖಲೆಗಳೇ ತೋರಿಸುತ್ತವೆ. 1990ರ ಕೊನೆಯಲ್ಲಿ ಚೀನಾದ ಸಂಗ್ರಹ 11 ಶತಕೋಟಿ ಡಾಲರ್ ಆಗಿದ್ದರೆ, ಕೆಲವೇ ತಿಂಗಳ ನಂತರ, 1991ರ ಮಾರ್ಚ್ ಅಂತ್ಯದಲ್ಲಿ, ಭಾರತದ್ದು ಚಿನ್ನವೂ ಸೇರಿ 5.8 ಶತಕೋಟಿ ಡಾಲರ್ ಆಗಿತ್ತು. ಎರಡೂ ದೇಶಗಳ ನಡುವಿನ ಅಂತರ ಆಗ ಸುಮಾರು ಎರಡು ಪಟ್ಟು ಮಾತ್ರ.

1991: ಅಂಕಿ ಹೇಳದೇ ಹೋದ ಸತ್ಯ

ಭಾರತದ ಆ 5.8 ಶತಕೋಟಿಯನ್ನು ಬಿಡಿಸಿ ನೋಡಿದರೆ ಒಟ್ಟು ಮೊತ್ತ ಎಷ್ಟು ಮೋಸಗೊಳಿಸಬಲ್ಲದು ಎಂಬುದು ತಿಳಿಯುತ್ತದೆ. ಹಿಂದಿನ ವರ್ಷ, 1990ರ ಮಾರ್ಚ್ ಅಂತ್ಯದಲ್ಲಿ, ಒಟ್ಟು ಸಂಗ್ರಹ 3.96 ಶತಕೋಟಿ ಡಾಲರ್ ಆಗಿತ್ತು. ಆದ್ದರಿಂದ ಮೇಲ್ನೋಟಕ್ಕೆ ಒಂದೇ ವರ್ಷದಲ್ಲಿ ಸಂಗ್ರಹ ಗಣನೀಯವಾಗಿ ಹೆಚ್ಚಿದಂತೆ ಕಾಣುತ್ತದೆ. ಆದರೆ 1990ರ ಅಕ್ಟೋಬರ್‌ವರೆಗೆ ರಿಸರ್ವ್ ಬ್ಯಾಂಕ್ ತನ್ನ ಚಿನ್ನವನ್ನು 10 ಗ್ರಾಂಗೆ 84.39 ರೂಪಾಯಿಯ ಹಳೆಯ ದರದಲ್ಲೇ ಲೆಕ್ಕ ಹಾಕುತ್ತಿತ್ತು, ಆ ತಿಂಗಳಿನಿಂದ ಅಂತರರಾಷ್ಟ್ರೀಯ ಮಾರುಕಟ್ಟೆಗೆ ಹತ್ತಿರವಾದ ದರಕ್ಕೆ ಬದಲಾಯಿಸಿತು. ಚಿನ್ನದ ಲೆಕ್ಕದ ಬೆಲೆ ಇದರಿಂದ 0.49 ಶತಕೋಟಿಯಿಂದ 3.5 ಶತಕೋಟಿ ಡಾಲರ್‌ಗೆ ಜಿಗಿಯಿತು. ಅದೇ ಅವಧಿಯಲ್ಲಿ ನಿಜವಾಗಿ ಖರ್ಚಿಗೆ ಒದಗುವ ವಿದೇಶಿ ಕರೆನ್ಸಿ 3.37 ಶತಕೋಟಿಯಿಂದ 2.24 ಶತಕೋಟಿಗೆ ಕುಸಿದಿತ್ತು. ಸಂಗ್ರಹ ಏರಿದಂತೆ ತೋರಿದ ವರ್ಷವೇ ದೇಶ ದಿವಾಳಿಯ ಅಂಚಿಗೆ ಸರಿದ ವರ್ಷವಾಗಿತ್ತು.

1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದ ನಂತರ ತೈಲದ ಬೆಲೆ ಏರಿತು, ಕೊಲ್ಲಿ ದೇಶಗಳಲ್ಲಿ ದುಡಿಯುತ್ತಿದ್ದ ಭಾರತೀಯರು ಕಳುಹಿಸುತ್ತಿದ್ದ ಹಣಕ್ಕೆ ಹೊಡೆತ ಬಿತ್ತು, ಭಾರತದ ಸಾಲ ಯೋಗ್ಯತೆಯ ಶ್ರೇಣಿ ಇಳಿಯಿತು, ಅನಿವಾಸಿ ಭಾರತೀಯರು ತಮ್ಮ ಠೇವಣಿಗಳನ್ನು ಹಿಂತೆಗೆಯತೊಡಗಿದರು. ಒಂದು ವರ್ಷದೊಳಗೆ ತೀರಿಸಬೇಕಾದ ಅಲ್ಪಾವಧಿ ವಿದೇಶಿ ಸಾಲವು 1991ರ ಮಾರ್ಚ್‌ನಲ್ಲಿ ಒಟ್ಟು ಮೀಸಲಿನ ಶೇ 146ರಷ್ಟಿತ್ತು. ಅಂದರೆ ಖಜಾನೆಯಲ್ಲಿದ್ದ ಡಾಲರನ್ನೂ ಚಿನ್ನವನ್ನೂ ಪೂರ್ತಿಯಾಗಿ ಒಪ್ಪಿಸಿದರೂ ಆ ಸಾಲ ತೀರುವಂತಿರಲಿಲ್ಲ.

ಅದೇ ವರ್ಷದ ಮೇ ತಿಂಗಳಲ್ಲಿ, ಕಳ್ಳಸಾಗಣೆದಾರರಿಂದ ವಶಪಡಿಸಿಕೊಂಡಿದ್ದ 20 ಟನ್ ಚಿನ್ನವನ್ನು ಸರ್ಕಾರವು ಭಾರತೀಯ ಸ್ಟೇಟ್ ಬ್ಯಾಂಕಿನ ಮೂಲಕ, ಮರಳಿ ಕೊಳ್ಳುವ ಷರತ್ತಿನ ಮೇಲೆ, ಸ್ವಿಟ್ಜರ್ಲೆಂಡಿನ ಯೂನಿಯನ್ ಬ್ಯಾಂಕಿಗೆ ಮಾರಿ ಸುಮಾರು 20 ಕೋಟಿ ಡಾಲರ್ ಪಡೆಯಿತು. ಅದು ಸಾಲದೆ ಹೋದಾಗ ರಿಸರ್ವ್ ಬ್ಯಾಂಕಿನ ಸ್ವಂತ ಚಿನ್ನದ ಸರದಿ ಬಂತು. ಜುಲೈ 4ರಿಂದ 18ರ ನಡುವೆ ನಾಲ್ಕು ಕಂತುಗಳಲ್ಲಿ 46.91 ಟನ್ ಚಿನ್ನದ ಗಟ್ಟಿಗಳು ಬಿಗಿ ಕಾವಲಿನಲ್ಲಿ ಮುಂಬಯಿಯಿಂದ ವಿಮಾನವೇರಿ ಲಂಡನ್ ಸೇರಿದವು. ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್ ಆ ಅಡವಿನ ಮೇಲೆ ಕೊಟ್ಟ ಸಾಲ 40.5 ಕೋಟಿ ಡಾಲರ್. ಅಂದಿನ ಮಾರುಕಟ್ಟೆ ದರದಲ್ಲಿ ಆ ಚಿನ್ನದ ಬೆಲೆ ಸುಮಾರು 55 ಕೋಟಿ ಡಾಲರ್ ಆಗುತ್ತಿತ್ತು, ಅಂದರೆ ಬೆಲೆಯ ಮುಕ್ಕಾಲು ಭಾಗದಷ್ಟೇ ಸಾಲ ಸಿಕ್ಕಿತು. ಚಿನ್ನ ಮುಂಬಯಿಯ ಕಪಾಟಿನಲ್ಲೇ ಇರಲಿ, ಅದರ ಹಕ್ಕುಪತ್ರ ಮಾತ್ರ ನಿಮ್ಮ ಬಳಿ ಇರಲಿ ಎಂಬ ಏರ್ಪಾಡಿಗೆ ಸಾಲ ಕೊಡುವವರು ಒಪ್ಪದಿದ್ದುದರಿಂದ ಗಟ್ಟಿಗಳನ್ನೇ ಸಾಗಿಸಬೇಕಾಯಿತು. ಅದೇ ದಿನಗಳಲ್ಲಿ ರೂಪಾಯಿಯನ್ನು ಎರಡು ಹಂತಗಳಲ್ಲಿ ಅಪಮೌಲ್ಯಗೊಳಿಸಲಾಯಿತು, ಆಮದು ಪರವಾನಗಿ ವ್ಯವಸ್ಥೆಯನ್ನು ಸಡಿಲಿಸಲಾಯಿತು. ಒತ್ತೆಯ ಸಾಲವನ್ನು ಆ ವರ್ಷದೊಳಗೆ ತೀರಿಸಲಾಯಿತಾದರೂ ದೇಶದ ಚಿನ್ನ ಹೊರಗೆ ಹೋದ ಸಂಗತಿ ಜನಮನದಲ್ಲಿ ಉಂಟುಮಾಡಿದ ನೋವು ಆಳವಾದದ್ದಾಗಿತ್ತು. ಆನಂತರ ಬಂದ ಯಾವ ಸರ್ಕಾರವೂ, ಯಾವ ಗವರ್ನರೂ ಮೀಸಲು ಸಂಗ್ರಹವನ್ನು ಹಗುರವಾಗಿ ಕಾಣದಿರಲು ಆ ನೋವೇ ಕಾರಣ.

ಚೀನಾದ ದಾರಿ: ರಫ್ತಿನ ಮಿಗತೆ

ಚೀನಾದ ಪಥ ಬದಲಾದದ್ದು 1994ರ ಜನವರಿ 1ರಂದು. ಅಲ್ಲಿಯವರೆಗೆ ಅಲ್ಲಿ ಸರ್ಕಾರಿ ದರ, ಮಾರುಕಟ್ಟೆಯ ದರ ಎಂಬ ಎರಡು ವಿನಿಮಯ ದರಗಳಿದ್ದವು. ಅವನ್ನು ಒಂದುಗೂಡಿಸಿದಾಗ ಡಾಲರ್‌ಗೆ 5.8 ಯುವಾನ್ ಇದ್ದ ಸರ್ಕಾರಿ ದರ 8.7ಕ್ಕೆ ಬಂದು ನಿಂತಿತು, ರಫ್ತುದಾರರು ಗಳಿಸಿದ ಡಾಲರ್‌ಗಳನ್ನು ಬ್ಯಾಂಕುಗಳಿಗೆ ಮಾರುವುದು ಕಡ್ಡಾಯವಾಯಿತು. 1993ರ ಕೊನೆಯಲ್ಲಿ 21 ಶತಕೋಟಿ ಇದ್ದ ಸಂಗ್ರಹ ಒಂದೇ ವರ್ಷದಲ್ಲಿ 51 ಶತಕೋಟಿ ದಾಟಿತು, 1996ರಲ್ಲಿ 100 ಶತಕೋಟಿಯನ್ನೂ ಮೀರಿತು. 2001ರ ಡಿಸೆಂಬರ್‌ನಲ್ಲಿ ವಿಶ್ವ ವ್ಯಾಪಾರ ಸಂಘಟನೆಯ ಸದಸ್ಯತ್ವ ದೊರೆತ ಮೇಲೆ ಕಾರ್ಖಾನೆಗಳ ರಫ್ತು ಪ್ರವಾಹದಂತೆ ಹರಿಯಿತು. 2006ರಲ್ಲಿ ಜಪಾನನ್ನು ಹಿಂದಿಕ್ಕಿ ಜಗತ್ತಿನ ಅತಿದೊಡ್ಡ ಸಂಗ್ರಹದ ಒಡೆಯನಾದ ಚೀನಾ, ಅದೇ ವರ್ಷ 1,000 ಶತಕೋಟಿ ಡಾಲರ್ ಗಡಿಯನ್ನು ದಾಟಿತು. 2014ರ ಜೂನ್‌ನಲ್ಲಿ ಅದರ ಸಂಗ್ರಹ 3,990 ಶತಕೋಟಿಯ ಶಿಖರ ಮುಟ್ಟಿತು. ಆ ಹೊತ್ತಿಗೆ ಭಾರತದ ಸಂಗ್ರಹ ಇನ್ನೂ 320 ಶತಕೋಟಿಯ ಒಳಗೇ ಇದ್ದು, ಅಂತರ ಹನ್ನೆರಡು ಪಟ್ಟಿಗೂ ಹೆಚ್ಚಾಗಿತ್ತು.

ಇಷ್ಟು ಹಣ ಕೇಂದ್ರ ಬ್ಯಾಂಕಿನ ಕೈಗೆ ಬಂದ ಬಗೆಯನ್ನು ಅರ್ಥಮಾಡಿಕೊಳ್ಳಲು ಒಂದೇ ವಹಿವಾಟನ್ನು ಹಿಂಬಾಲಿಸಿದರೆ ಸಾಕು. ಆಟಿಕೆ ರಫ್ತು ಮಾಡಿದ ಕಾರ್ಖಾನೆಗೆ 100 ಡಾಲರ್ ಬಂದರೆ ಅದನ್ನು ಬ್ಯಾಂಕಿಗೆ ಕೊಟ್ಟು ಯುವಾನ್ ಪಡೆಯುತ್ತದೆ. ಹೀಗೆ ಎಲ್ಲರೂ ಡಾಲರ್ ಮಾರಲು ನಿಂತರೆ ಡಾಲರ್ ಅಗ್ಗವಾಗಿ ಯುವಾನ್ ತುಟ್ಟಿಯಾಗಬೇಕು. ಆದರೆ 2005ರ ಜುಲೈವರೆಗೆ ಡಾಲರ್‌ಗೆ ಸುಮಾರು 8.28 ಯುವಾನ್ ದರವನ್ನೇ ಕಾಯ್ದುಕೊಳ್ಳಲು ಪಣತೊಟ್ಟಿದ್ದ ಪೀಪಲ್ಸ್ ಬ್ಯಾಂಕ್ ಆಫ್ ಚೀನಾ ಮಿಕ್ಕ ಡಾಲರ್‌ಗಳನ್ನೆಲ್ಲ ತಾನೇ ಕೊಂಡು ಪ್ರತಿ 100 ಡಾಲರ್‌ಗೆ 828 ಯುವಾನ್ ಹೊಸ ಹಣವನ್ನು ಮಾರುಕಟ್ಟೆಗೆ ಬಿಡುತ್ತಿತ್ತು. ಹೊಸ ಹಣ ಹೆಚ್ಚಾದರೆ ಬೆಲೆ ಏರುತ್ತದೆ. ಅದನ್ನು ತಡೆಯಲು ಕೇಂದ್ರ ಬ್ಯಾಂಕ್ ತನ್ನದೇ ಸಾಲಪತ್ರಗಳನ್ನು ಮಾರಿ ಆ ಹಣವನ್ನು ಹಿಂದಕ್ಕೆ ಸೆಳೆಯಬೇಕಾಗುತ್ತದೆ, ಇಲ್ಲವೇ ಬ್ಯಾಂಕುಗಳು ಕಡ್ಡಾಯವಾಗಿ ತನ್ನಲ್ಲಿ ಇರಿಸಬೇಕಾದ ನಗದಿನ ಪಾಲನ್ನು ಹೆಚ್ಚಿಸಬೇಕಾಗುತ್ತದೆ. ಚೀನಾದ ದೊಡ್ಡ ಬ್ಯಾಂಕುಗಳಿಗೆ ಈ ಪಾಲು 2011ರಲ್ಲಿ ಶೇ 21.5ಕ್ಕೆ ಏರಿತ್ತು. ಭಾರತವೂ 2004ರಲ್ಲಿ ಮಾರುಕಟ್ಟೆ ಸ್ಥಿರೀಕರಣ ಯೋಜನೆಯ ಹೆಸರಿನಲ್ಲಿ ಇದೇ ಕೆಲಸಕ್ಕೆ ವಿಶೇಷ ಸಾಲಪತ್ರಗಳನ್ನು ಹೊರಡಿಸಿತು.

ಇದರಿಂದ ಮೀಸಲು ಸಂಗ್ರಹಕ್ಕೂ ಒಂದು ಖರ್ಚಿದೆ ಎಂಬುದು ತಿಳಿಯುತ್ತದೆ. ಕೇಂದ್ರ ಬ್ಯಾಂಕ್ ದೇಶದೊಳಗೆ ಹೆಚ್ಚಿನ ಬಡ್ಡಿ ತೆತ್ತು, ಸಂಗ್ರಹಿಸಿದ ಡಾಲರ್‌ಗಳನ್ನು ಅಮೆರಿಕದ ಸರ್ಕಾರಿ ಸಾಲಪತ್ರಗಳಲ್ಲಿ ಕಡಿಮೆ ಬಡ್ಡಿಗೆ ತೊಡಗಿಸುತ್ತದೆ. ತಲಾ ಆದಾಯದಲ್ಲಿ ಬಹಳ ಹಿಂದಿದ್ದ ಚೀನಾ ಒಂದು ಹಂತದಲ್ಲಿ ಅಮೆರಿಕದ ಸರ್ಕಾರಕ್ಕೆ 1,300 ಶತಕೋಟಿ ಡಾಲರ್‌ಗೂ ಹೆಚ್ಚು ಸಾಲ ಕೊಟ್ಟ ಸ್ಥಿತಿಯಲ್ಲಿತ್ತು. ಇನ್ನಷ್ಟು ಲಾಭ ತರುವ ಹೂಡಿಕೆಗಾಗಿ 2007ರಲ್ಲಿ 200 ಶತಕೋಟಿ ಡಾಲರ್ ಬಂಡವಾಳದೊಂದಿಗೆ ಚೀನಾ ಇನ್ವೆಸ್ಟ್‌ಮೆಂಟ್ ಕಾರ್ಪೊರೇಷನ್ ಎಂಬ ಪ್ರತ್ಯೇಕ ಸಂಸ್ಥೆಯನ್ನು ಸ್ಥಾಪಿಸಿದ್ದು ಈ ನಷ್ಟದ ಅರಿವಿನಿಂದಲೇ.

ಭಾರತದ ದಾರಿ: ಬಂಡವಾಳದ ಒಳಹರಿವು

ಭಾರತದ ಸಂಗ್ರಹವೂ ಬೆಳೆಯಿತು: 1995ರ ಮಾರ್ಚ್‌ನಲ್ಲಿ 25 ಶತಕೋಟಿ, 2003ರ ಡಿಸೆಂಬರ್‌ನಲ್ಲಿ 100 ಶತಕೋಟಿ, 2008ರ ಮಾರ್ಚ್‌ನಲ್ಲಿ ಸುಮಾರು 310 ಶತಕೋಟಿ, 2021ರ ಸೆಪ್ಟೆಂಬರ್‌ನಲ್ಲಿ 642 ಶತಕೋಟಿ, 2024ರ ಸೆಪ್ಟೆಂಬರ್ ಅಂತ್ಯದಲ್ಲಿ 704.9 ಶತಕೋಟಿ ಡಾಲರ್. ಆದರೆ ಈ ಬೆಳವಣಿಗೆಯ ಹಿಂದಿನ ಕಥೆ ಚೀನಾದ್ದಕ್ಕಿಂತ ಬೇರೆ. ಸರಕು ಮತ್ತು ಸೇವೆಗಳ ರಫ್ತು–ಆಮದು, ಬಡ್ಡಿ, ಲಾಭಾಂಶ ಮತ್ತು ವಲಸಿಗರು ಕಳುಹಿಸುವ ಹಣ ಇವೆಲ್ಲ ಸೇರಿದ ಲೆಕ್ಕಕ್ಕೆ ಚಾಲ್ತಿ ಖಾತೆ ಎಂದು ಹೆಸರು. ಚೀನಾಕ್ಕೆ ದಶಕಗಳಿಂದ ಈ ಖಾತೆಯಲ್ಲಿ ಮಿಗತೆ ಇದೆ. 2024ರಲ್ಲಿ ಅದರ ಸರಕು ವ್ಯಾಪಾರದ ಮಿಗತೆಯೊಂದೇ 990 ಶತಕೋಟಿ ಡಾಲರ್ ಮುಟ್ಟಿತು. ಭಾರತಕ್ಕೆ ಈ ಖಾತೆಯಲ್ಲಿ ಬಹುತೇಕ ಪ್ರತಿ ವರ್ಷವೂ ಕೊರತೆಯಿದೆ. 2001ರಿಂದ 2004ರವರೆಗಿನ ಮೂರು ಹಣಕಾಸು ವರ್ಷಗಳು ಮತ್ತು ಕೋವಿಡ್ ಕಾಲದ 2020–21 ಇದಕ್ಕೆ ಅಪವಾದ.

ಕೊರತೆಯ ನಡುವೆಯೂ ಸಂಗ್ರಹ ಬೆಳೆಯಲು ಕಾರಣ ಬಂಡವಾಳ ಖಾತೆ, ಅಂದರೆ ವಿದೇಶಿ ಕಂಪನಿಗಳ ನೇರ ಹೂಡಿಕೆ, ಷೇರುಪೇಟೆಗೆ ಬರುವ ವಿದೇಶಿ ಹಣ, ಭಾರತೀಯ ಕಂಪನಿಗಳು ಹೊರಗೆ ಎತ್ತುವ ಸಾಲ, ಅನಿವಾಸಿ ಭಾರತೀಯರ ಠೇವಣಿ. ಇವುಗಳಲ್ಲಿ ಪ್ರತಿಯೊಂದಕ್ಕೂ ಹೊರಗೆ ಒಬ್ಬ ಹಕ್ಕುದಾರನಿದ್ದಾನೆ. ದುಡಿದು ಉಳಿಸಿದ ಹಣವನ್ನು ಕಪಾಟಿನಲ್ಲಿ ಇರಿಸಿದ ಮನೆಗೂ, ನೆಂಟರಿಷ್ಟರು ನಂಬಿಕೆಯಿಂದ ಕೊಟ್ಟ ಹಣವನ್ನು ಇರಿಸಿಕೊಂಡ ಮನೆಗೂ ಕಪಾಟಿನ ಒಳಗಿನ ಮೊತ್ತ ಒಂದೇ ಆಗಿದ್ದರೂ ಎರಡೂ ಮನೆಗಳ ಸ್ಥಿತಿ ಒಂದೇ ಅಲ್ಲ. ದೇಶವೊಂದು ಹೊರಗಿನವರಿಂದ ಪಡೆಯಬೇಕಾದದ್ದನ್ನೂ ಅವರಿಗೆ ಕೊಡಬೇಕಾದದ್ದನ್ನೂ ಕೂಡಿಸಿ ಕಳೆದಾಗ 2024ರ ಕೊನೆಯಲ್ಲಿ ಚೀನಾ 3,000 ಶತಕೋಟಿ ಡಾಲರ್‌ಗೂ ಮೀರಿದ ನಿವ್ವಳ ಸಾಲಿಗ ದೇಶವಾಗಿ, ಅಂದರೆ ಕೊಟ್ಟ ಹಣ ಹೆಚ್ಚಿರುವ ದೇಶವಾಗಿ ನಿಂತಿತ್ತು. ಭಾರತ 300 ಶತಕೋಟಿಗೂ ಹೆಚ್ಚು ನಿವ್ವಳ ಬಾಕಿ ಉಳ್ಳ ದೇಶವಾಗಿ ನಿಂತಿತ್ತು.

ಹಾಗೆಂದು ಭಾರತದ ಗಳಿಕೆಯನ್ನು ಕಡೆಗಣಿಸಲಾಗದು. ಬೆಂಗಳೂರು ಮೊದಲಾದ ನಗರಗಳ ಮಾಹಿತಿ ತಂತ್ರಜ್ಞಾನ ಸೇವೆಗಳ ರಫ್ತು, ಕರಾವಳಿ ಕರ್ನಾಟಕ, ಕೇರಳ ಮುಂತಾದೆಡೆಗಳಿಂದ ಕೊಲ್ಲಿಗೆ ಹೋದ ದುಡಿಮೆಗಾರರೂ ಅಮೆರಿಕ, ಬ್ರಿಟನ್‌ಗಳಲ್ಲಿ ನೆಲೆಸಿದವರೂ ಕಳುಹಿಸುವ ಹಣ ಇಲ್ಲದಿದ್ದರೆ ತೈಲ ಮತ್ತು ಚಿನ್ನದ ಆಮದಿನಿಂದ ಆಗುವ ಕೊರತೆ ತಾಳಲಾಗದಷ್ಟು ದೊಡ್ಡದಾಗುತ್ತಿತ್ತು. 2024–25ರಲ್ಲಿ ವಲಸಿಗರ ಹಣವೇ ಸುಮಾರು 135 ಶತಕೋಟಿ ಡಾಲರ್. ಇದು ಸಾಲವಲ್ಲ, ಹಿಂದಿರುಗಿಸಬೇಕಾದ ಬಂಡವಾಳವೂ ಅಲ್ಲ. ದುಡಿದವರ ಬೆವರಿನ ಫಲ.

ಎರಡು ಸತ್ವಪರೀಕ್ಷೆಗಳು

2013ರ ಮೇ ತಿಂಗಳಲ್ಲಿ ಅಮೆರಿಕದ ಕೇಂದ್ರ ಬ್ಯಾಂಕ್ ತನ್ನ ಧಾರಾಳ ಹಣನೀತಿಯನ್ನು ಬಿಗಿಗೊಳಿಸುವ ಸುಳಿವು ಕೊಟ್ಟಾಗ ಭಾರತದಿಂದ ಬಂಡವಾಳ ಹೊರಹರಿಯಿತು, ಆಗಸ್ಟ್ 28ರಂದು ಡಾಲರ್‌ನ ಬೆಲೆ 68 ರೂಪಾಯಿ ದಾಟಿತು. ಸುಮಾರು 275 ಶತಕೋಟಿ ಡಾಲರ್ ಸಂಗ್ರಹವಿದ್ದರೂ ಪೇಟೆಗೆ ಧೈರ್ಯ ಬರಲಿಲ್ಲ. ಕಡೆಗೆ ಅನಿವಾಸಿ ಭಾರತೀಯರ ಡಾಲರ್ ಠೇವಣಿಗಳಿಗೆ ವಿನಿಮಯ ದರದ ನಷ್ಟದಿಂದ ರಕ್ಷಣೆ ಒದಗಿಸುವ ವಿಶೇಷ ಯೋಜನೆಯ ಮೂಲಕ 26 ಶತಕೋಟಿ ಡಾಲರ್ ತರಿಸಿಕೊಂಡ ಮೇಲೆ ಸ್ಥಿತಿ ಸುಧಾರಿಸಿತು. ಬೇರೆಯವರ ಹಣ ಬಂದ ವೇಗದಲ್ಲೇ ಹೊರಡಬಲ್ಲದು ಎಂಬ ಪಾಠ ಅಂದು ಮತ್ತೊಮ್ಮೆ ದೊರೆಯಿತು.

ದುಡಿದು ಗಳಿಸಿದ ಸಂಗ್ರಹ ಅಭೇದ್ಯ ಎಂಬ ನಂಬಿಕೆಯೂ ಎರಡೇ ವರ್ಷಗಳಲ್ಲಿ ಅಲುಗಾಡಿತು. 2015ರ ಆಗಸ್ಟ್ 11ರಂದು ಚೀನಾ ಯುವಾನನ್ನು ಶೇ 2ಕ್ಕೆ ಸಮೀಪದಷ್ಟು ಇಳಿಸಿದಾಗ ಇನ್ನಷ್ಟು ಇಳಿಕೆಯ ಭಯದಿಂದ ಚೀನೀ ಕಂಪನಿಗಳೂ ಶ್ರೀಮಂತರೂ ತಮ್ಮ ಹಣವನ್ನು ಡಾಲರಿಗೆ ಬದಲಾಯಿಸತೊಡಗಿದರು, ಹೊರಗಿನ ಸಾಲಗಳನ್ನು ಅವಸರದಿಂದ ತೀರಿಸತೊಡಗಿದರು. ಆ ಒಂದು ವರ್ಷದಲ್ಲಿ ಸಂಗ್ರಹ 500 ಶತಕೋಟಿ ಡಾಲರ್‌ಗೂ ಹೆಚ್ಚು ಕರಗಿತು, 2017ರ ಜನವರಿಯಲ್ಲಿ ಅದು 3,000 ಶತಕೋಟಿಯ ಕೆಳಗಿತ್ತು. 2014ರ ಶಿಖರದಿಂದ ಎರಡೂವರೆ ವರ್ಷಗಳಲ್ಲಿ ಸುಮಾರು 1,000 ಶತಕೋಟಿ ಡಾಲರ್ ಕಡಿಮೆಯಾದ ಮೇಲೆ ಹೊರಹರಿವಿನ ಮೇಲೆ ಬಿಗಿಯಾದ ನಿಯಂತ್ರಣ ಹೇರಿದಾಗ ಮಾತ್ರ ಕುಸಿತ ನಿಂತಿತು. ಭಾರತಕ್ಕೆ ಅಪಾಯ ಹೊರಗಿನ ಹೂಡಿಕೆದಾರರ ನಿರ್ಗಮನದಿಂದ ಬಂದರೆ ಚೀನಾಕ್ಕೆ ಅದು ತನ್ನದೇ ಉಳಿತಾಯಗಾರರ ನಿರ್ಗಮನದಿಂದ ಬಂತು.

ಚಿನ್ನದ ಲೆಕ್ಕ

2000ದ ಹೊತ್ತಿಗೆ ಚಿನ್ನದ ವಿಷಯದಲ್ಲಿ ಎರಡೂ ದೇಶಗಳು ಹೆಚ್ಚುಕಡಿಮೆ ಸಮನಾಗಿದ್ದವು: ಚೀನಾದ ಬಳಿ 395 ಟನ್, ಭಾರತದ ಬಳಿ 358 ಟನ್. ಚೀನಾ ಆನಂತರ ಸದ್ದಿಲ್ಲದೆ ಸಂಗ್ರಹಿಸಿತು. 600 ಟನ್ ಎಂದು ವರ್ಷಗಟ್ಟಲೆ ತೋರಿಸುತ್ತಿದ್ದ ಅಂಕಿಯನ್ನು 2009ರಲ್ಲಿ ಒಮ್ಮೆಲೇ 1,054ಕ್ಕೂ, 2015ರಲ್ಲಿ ಮತ್ತೆ ಒಮ್ಮೆಲೇ 1,658ಕ್ಕೂ ಏರಿಸಿ ಪ್ರಕಟಿಸಿತು. 2024ರ ಕೊನೆಯಲ್ಲಿ ಅದು 2,280 ಟನ್ ತಲುಪಿತ್ತು. ಭಾರತ 2009ರ ನವೆಂಬರ್‌ನಲ್ಲಿ ಐಎಂಎಫ್‌ನಿಂದ 200 ಟನ್ ಚಿನ್ನವನ್ನು 6.7 ಶತಕೋಟಿ ಡಾಲರ್ ಕೊಟ್ಟು ಕೊಂಡಿತು. ಹದಿನೆಂಟು ವರ್ಷಗಳ ಹಿಂದೆ 47 ಟನ್ ಅಡವಿಟ್ಟು ಸಾಲ ತಂದಿದ್ದ ದೇಶ ಅದರ ನಾಲ್ಕು ಪಟ್ಟಿಗೂ ಹೆಚ್ಚು ಚಿನ್ನವನ್ನು ನಗದು ಕೊಟ್ಟು ಕೊಂಡದ್ದು ಹೆಮ್ಮೆಪಡುವಂಥ ಸಂಗತಿ. 2018ರ ಆಸುಪಾಸಿನಿಂದ ಖರೀದಿ ಮತ್ತೆ ಆರಂಭವಾಗಿ, 2024ರ ಕೊನೆಯಲ್ಲಿ ರಿಸರ್ವ್ ಬ್ಯಾಂಕಿನ ಬಳಿ 876 ಟನ್ ಇತ್ತು.

ಚಿನ್ನದ ಮೂಲದಲ್ಲೂ ವ್ಯತ್ಯಾಸವಿದೆ. ಚೀನಾ 2007ರಿಂದ ಜಗತ್ತಿನ ಅತಿದೊಡ್ಡ ಚಿನ್ನ ಉತ್ಪಾದಕ ದೇಶವಾಗಿದ್ದು, ಅದರ ಗಣಿಗಳು ವರ್ಷಕ್ಕೆ 370 ಟನ್ ಆಸುಪಾಸಿನಲ್ಲಿ ಚಿನ್ನ ತೆಗೆಯುತ್ತವೆ. ಭಾರತದ ಚಿನ್ನದ ಗಣಿಗಾರಿಕೆ ಎಂದರೆ ಬಹುಮಟ್ಟಿಗೆ ಕರ್ನಾಟಕದ ಕಥೆ. 2001ರ ಫೆಬ್ರುವರಿ 28ರಂದು ಮುಚ್ಚಿದ ಕೋಲಾರದ ಗಣಿಗಳು ಸುಮಾರು 120 ವರ್ಷಗಳಲ್ಲಿ ಕೊಟ್ಟದ್ದು 800 ಟನ್‌ಗೆ ಸ್ವಲ್ಪ ಹೆಚ್ಚು ಚಿನ್ನ. ರಾಯಚೂರು ಜಿಲ್ಲೆಯ ಹಟ್ಟಿ ಗಣಿಯ ವಾರ್ಷಿಕ ಉತ್ಪಾದನೆ ಎರಡು ಟನ್‌ಗಿಂತ ಕಡಿಮೆ. ಮೂರು ಕಿಲೋಮೀಟರ್ ಆಳಕ್ಕಿಳಿದು ನಾಲ್ಕೈದು ತಲೆಮಾರುಗಳ ಕಾರ್ಮಿಕರು ಕೋಲಾರದ ನೆಲದಿಂದ ತೆಗೆದಷ್ಟು ಚಿನ್ನವನ್ನು ಇಂದಿನ ಭಾರತ ಹೆಚ್ಚುಕಡಿಮೆ ಒಂದು ವರ್ಷದಲ್ಲಿ ಆಮದು ಮಾಡಿಕೊಂಡು ಒಡವೆ ಮತ್ತು ಉಳಿತಾಯವಾಗಿ ಬಳಸಿಬಿಡುತ್ತದೆ. ಭಾರತದ ಮನೆಗಳಲ್ಲಿ ಸುಮಾರು 25,000 ಟನ್ ಚಿನ್ನವಿದೆ ಎಂಬ ಅಂದಾಜಿದ್ದರೂ ಅದು ಖಾಸಗಿ ಸೊತ್ತು, ದೇಶದ ಮೀಸಲಿನ ಲೆಕ್ಕಕ್ಕೆ ಬಾರದು. ಅದನ್ನು ಕೊಳ್ಳಲು ವ್ಯಯವಾದ ಡಾಲರ್ ಮಾತ್ರ ದೇಶದ ಖಾತೆಯಿಂದಲೇ ಹೋಗಿದೆ.

2022ರ ಫೆಬ್ರುವರಿಯಲ್ಲಿ ಉಕ್ರೇನ್ ಮೇಲಿನ ಆಕ್ರಮಣದ ನಂತರ ಪಾಶ್ಚಾತ್ಯ ದೇಶಗಳು ರಷ್ಯಾದ ಸುಮಾರು 300 ಶತಕೋಟಿ ಡಾಲರ್ ಮೀಸಲನ್ನು ಸ್ತಂಭನಗೊಳಿಸಿದ ಮೇಲೆ ಚಿನ್ನದ ಮಹತ್ವ ಹೊಸದಾಗಿ ಮನವರಿಕೆಯಾಯಿತು. ಸಾಲಪತ್ರವೆಂದರೆ ಇನ್ನೊಂದು ಸರ್ಕಾರದ ವಾಗ್ದಾನ. ಆ ಸರ್ಕಾರ ವೈರಿಯಾದರೆ ವಾಗ್ದಾನ ಕೈಕೊಡಬಹುದು, ಸ್ವಂತ ನೆಲದಲ್ಲಿರುವ ಚಿನ್ನಕ್ಕೆ ಆ ಭಯವಿಲ್ಲ. ಜಗತ್ತಿನ ಕೇಂದ್ರ ಬ್ಯಾಂಕುಗಳು 2022, 2023 ಮತ್ತು 2024ರಲ್ಲಿ ವರ್ಷಕ್ಕೆ 1,000 ಟನ್‌ಗೂ ಹೆಚ್ಚು ಚಿನ್ನ ಕೊಂಡವು, 2024ರಲ್ಲಿ ಭಾರತದ ಖರೀದಿ ಸುಮಾರು 73 ಟನ್, ಚೀನಾದ್ದು 44 ಟನ್. ಲಂಡನ್ನಿನಲ್ಲಿದ್ದ ತನ್ನ ಚಿನ್ನದಲ್ಲಿ 100 ಟನ್‌ಗಳಷ್ಟನ್ನು 2023–24ರಲ್ಲಿ ಸ್ವದೇಶಕ್ಕೆ ತಂದ ರಿಸರ್ವ್ ಬ್ಯಾಂಕ್, 2025ರ ಮಾರ್ಚ್ ವೇಳೆಗೆ ತನ್ನ 880 ಟನ್ ಚಿನ್ನದಲ್ಲಿ 512 ಟನ್ ಅನ್ನು ಭಾರತದಲ್ಲಿಯೇ ಇರಿಸಿಕೊಂಡಿತ್ತು. ಒಟ್ಟು ಮೀಸಲಿನಲ್ಲಿ ಚಿನ್ನದ ಪಾಲು 2024ರ ಕೊನೆಯಲ್ಲಿ ಭಾರತದಲ್ಲಿ ಶೇ 10ರಷ್ಟಿದ್ದರೆ ಚೀನಾದಲ್ಲಿ ಶೇ 5.5ರಷ್ಟಿತ್ತು.

ಸಾಕೇ, ಸಾಲದೇ?

ಮೀಸಲು ಸಾಕಷ್ಟಿದೆಯೇ ಎಂದು ತಿಳಿಯಲು ಅರ್ಥಶಾಸ್ತ್ರಜ್ಞರು ಮುಖ್ಯವಾಗಿ ಮೂರು ಅಳತೆಗಳನ್ನು ಬಳಸುತ್ತಾರೆ. ಎಷ್ಟು ತಿಂಗಳ ಆಮದಿಗೆ ಸಾಕು ಎಂಬುದು ಮೊದಲನೆಯದು; ಮೂರು ತಿಂಗಳು ಕನಿಷ್ಠವೆಂಬುದು ಹಳೆಯ ನಿಯಮ. 2024ರ ಅಂಕಿಗಳ ಪ್ರಕಾರ ಚೀನಾದ ಮೀಸಲು ಸುಮಾರು 15 ತಿಂಗಳ ಸರಕು ಆಮದಿಗೂ ಭಾರತದ್ದು 10ರಿಂದ 11 ತಿಂಗಳ ಆಮದಿಗೂ ಸಾಕು. ಒಂದು ವರ್ಷದೊಳಗೆ ತೀರಿಸಬೇಕಾದ ವಿದೇಶಿ ಸಾಲವನ್ನಾದರೂ ಮೀಸಲು ಪೂರ್ತಿ ಭರಿಸುವಂತಿರಬೇಕು ಎಂಬುದು ಎರಡನೆಯದು. ಅಲ್ಪಾವಧಿ ಸಾಲ ಭಾರತದಲ್ಲಿ ಮೀಸಲಿನ ಐದನೇ ಒಂದು ಭಾಗದಷ್ಟಿದ್ದು, ಚೀನಾದಲ್ಲಿ ಐದನೇ ಎರಡು ಭಾಗಕ್ಕೆ ಸಮೀಪವಿದೆ. 1991ರ ಶೇ 146ರಿಂದ ಶೇ 20ಕ್ಕೆ ಇಳಿದಿರುವ ಈ ಅನುಪಾತ ಭಾರತದ ಮೂರು ದಶಕಗಳ ನೀತಿಯ ದೊಡ್ಡ ಸಾಧನೆ. ಮೂರನೆಯದು, ದೇಶದೊಳಗಿನ ಒಟ್ಟು ಹಣದ ಪ್ರಮಾಣದೊಡನೆ ಹೋಲಿಕೆ. ಭಯಗೊಂಡ ಜನ ತಮ್ಮ ಠೇವಣಿಗಳನ್ನು ಡಾಲರಿಗೆ ಬದಲಾಯಿಸಲು ಹೊರಟರೆ ಎಷ್ಟರಮಟ್ಟಿಗೆ ತಡೆದುಕೊಳ್ಳಬಹುದೆಂಬುದನ್ನು ಇದು ಸೂಚಿಸುತ್ತದೆ. ಭಾರತದ ಮೀಸಲು ದೇಶದೊಳಗಿನ ಹಣದ ಐದನೇ ಒಂದು ಭಾಗದಷ್ಟಿದ್ದರೆ ಚೀನಾದ್ದು ಹದಿಮೂರನೇ ಒಂದು ಭಾಗದಷ್ಟು ಮಾತ್ರ.

ಹನ್ನೆರಡು ಪಟ್ಟಿದ್ದ ಅಂತರ ಹತ್ತು ವರ್ಷಗಳಲ್ಲಿ ಐದು ಪಟ್ಟಿಗೆ ಇಳಿದಿದೆ, ಎರಡು ಅಳತೆಗಳಲ್ಲಿ ಭಾರತವೇ ಮುಂದಿದೆ. ಆದರೂ ಚೀನಾದ ಮೀಸಲು ಇಂದು ಖಾಲಿಯಾದರೂ ಅದರ ಕಾರ್ಖಾನೆಗಳು ವರ್ಷಕ್ಕೆ ನೂರಾರು ಶತಕೋಟಿ ಡಾಲರ್ ಮಿಗತೆಯನ್ನು ತಂದು ಮತ್ತೆ ತುಂಬಿಸಬಲ್ಲವು. ಭಾರತದ ಮೀಸಲು ಕರಗಿದರೆ ಅದನ್ನು ತುಂಬಲು ಹೊರಗಿನವರ ವಿಶ್ವಾಸವನ್ನು ಮತ್ತೆ ಸಂಪಾದಿಸಬೇಕಾಗುತ್ತದೆ, ವಿಶ್ವಾಸ ಕುಸಿದಾಗಲೇ ಮೀಸಲು ಕರಗುವುದರಿಂದ ಆ ಕೆಲಸ ಅತ್ಯಂತ ಕಠಿಣವಾದದ್ದು. ಈ ಕಾರಣಕ್ಕಾಗಿಯೇ ಭಾರತವು ತನ್ನ ಆರ್ಥಿಕತೆಯ ಗಾತ್ರಕ್ಕೆ ಹೋಲಿಸಿದರೆ ಚೀನಾಕ್ಕಿಂತ ಹೆಚ್ಚಿನ ಪ್ರಮಾಣದ ಮೀಸಲನ್ನು, ಅದರ ಬಡ್ಡಿಯ ನಷ್ಟವನ್ನು ಸಹಿಸಿಕೊಂಡೂ, ಕಾಪಾಡಿಕೊಳ್ಳುವುದು ವಿವೇಕದ ಮಾರ್ಗ. ಅಡುಗೆ ಅನಿಲ, ಖಾದ್ಯತೈಲ, ರಸಗೊಬ್ಬರ ಮತ್ತು ಔಷಧಗಳ ಕಚ್ಚಾ ಸಾಮಗ್ರಿಗಾಗಿ ಹೊರದೇಶಗಳನ್ನು ಅವಲಂಬಿಸಿರುವ ಜನಸಾಮಾನ್ಯರಿಗೆ ಯುದ್ಧ, ತೈಲಬೆಲೆಯ ಏರಿಕೆ, ಬಂಡವಾಳದ ಹಿಮ್ಮುಖ ಹರಿವು ಇವುಗಳಿಂದ ಒಂದಷ್ಟು ರಕ್ಷಣೆ ದೊರೆಯುವುದು ಈ ಮೀಸಲಿನಿಂದಲೇ. ಆದರೆ ಮೀಸಲು ಬೆಳೆಸುವ ಜವಾಬ್ದಾರಿಯನ್ನು ರಿಸರ್ವ್ ಬ್ಯಾಂಕಿಗೆ ಮಾತ್ರ ವಹಿಸಿ ಸುಮ್ಮನಿರುವಂತಿಲ್ಲ. ಸರಕು ತಯಾರಿಕೆಯಲ್ಲಿ ದೇಶದ ಸಾಮರ್ಥ್ಯ ಹೆಚ್ಚಿ, ಇಂಧನದ ಆಮದು ತಗ್ಗಿ, ಸೇವೆಗಳ ಜತೆಗೆ ಸರಕುಗಳ ರಫ್ತೂ ಬೆಳೆದು ಚಾಲ್ತಿ ಖಾತೆಯ ಕೊರತೆ ನೀಗಿದಾಗ ಮಾತ್ರ ಭಾರತದ ಖಜಾನೆಯಲ್ಲಿರುವ ಡಾಲರ್ ಪೂರ್ಣಾರ್ಥದಲ್ಲಿ ಭಾರತದ್ದಾಗುತ್ತದೆ. ಅಲ್ಲಿಯವರೆಗೆ ಏರುತ್ತಿರುವ ಮೊತ್ತವನ್ನು ಸಂತೋಷದಿಂದ ಸ್ವಾಗತಿಸುವಾಗಲೂ ಅದರಲ್ಲಿ ಗಳಿಸಿದ್ದೆಷ್ಟು, ಬೇರೆಯವರದ್ದೆಷ್ಟು ಎಂದು ಕೇಳುವುದು ಪ್ರತಿಯೊಬ್ಬ ನಾಗರಿಕನ ಹಕ್ಕೂ ಹೌದು, ಹೊಣೆಯೂ ಹೌದು.